ಪ್ರಸಂಗಕ್ಕಾಗಿ ಹೀಬ್ರೂ ವೇದಭಾಗ ಓದುವುದು: ಯಾವ ದಾರಿ ಯಾರಿಗೆ?

ಮುಂದಿನ ಭಾನುವಾರದ ಪಾಠ ಹಳೆ ಒಡಂಬಡಿಕೆಯಿಂದ ಎಂದಾದಾಗ ಶಿವಮೊಗ್ಗ ಜಿಲ್ಲೆಯ ಸಭಾಪಾಲಕರ, ಉಪದೇಶಿಯ, ಗುರುಗಳ ಕೈಗೆ ಇವತ್ತು ಸಿಗುವ ಸಲಕರಣೆ ಕಡಿಮೆಯೇನಲ್ಲ. ಮೊಬೈಲಿನಲ್ಲೇ ಕನ್ನಡದ ನಾಲ್ಕೈದು ಅನುವಾದಗಳಿವೆ. ಹೀಬ್ರೂ ಪದದ ಮೇಲೆ ಬೆರಳಿಟ್ಟರೆ ಅರ್ಥ ತೋರಿಸುವ ಆ್ಯಪ್‌ಗಳಿವೆ. ಕಪಾಟಿನಲ್ಲಿ ಒಂದೆರಡು ಇಂಗ್ಲಿಷ್ ವ್ಯಾಖ್ಯಾನಗಳಿರಬಹುದು, ಸೆಮಿನರಿಯಲ್ಲಿ ಕಲಿತ ಹೀಬ್ರೂ ವ್ಯಾಕರಣದ ಪುಸ್ತಕ ಧೂಳು ತಿನ್ನುತ್ತಿರಬಹುದು. ಎಲ್ಲವನ್ನೂ ಬಳಸುವಷ್ಟು ಹೊತ್ತು ಯಾರಿಗೂ ಇಲ್ಲ. ವಾರದಲ್ಲಿ ಒಂದು ಸಾವು, ಒಂದು ಮದುವೆ ಮಾತುಕತೆ, ಆಸ್ಪತ್ರೆಯ ಭೇಟಿ ಬಂದರೆ ಉಳಿಯುವುದು ಶನಿವಾರದ ಸಂಜೆ ಮಾತ್ರ. ಹಾಗಾಗಿ ಯಾವುದನ್ನು ಮೊದಲು ತೆರೆಯಬೇಕು, ಯಾವುದನ್ನು ತಡವಾಗಿ ತೆರೆಯಬೇಕು, ಯಾವುದನ್ನು ಮುಟ್ಟದೆಯೇ ಇರಬಹುದು ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ.

ಹೋಲಿಕೆಗೆ ಒಂದೇ ಭಾಗ ಹಿಡಿದುಕೊಳ್ಳೋಣ: ಧರ್ಮೋಪದೇಶಕಾಂಡ 11:10ರಿಂದ 17. ಮೋಶೆ ಜನರಿಗೆ ಹೇಳುತ್ತಾನೆ: ನೀವು ಹೋಗುವ ದೇಶ ಐಗುಪ್ತದಂತಲ್ಲ. ಅಲ್ಲಿ ಬೀಜ ಬಿತ್ತಿ, ಕಾಯಿಪಲ್ಯದ ತೋಟಕ್ಕೆ ಮಾಡುವಂತೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ. ಇದು ಬೆಟ್ಟ ಕಣಿವೆಗಳ ದೇಶ, ಆಕಾಶದ ಮಳೆಯಿಂದ ನೀರು ಕುಡಿಯುತ್ತದೆ. ಆಜ್ಞೆಗಳಿಗೆ ಕಿವಿಗೊಟ್ಟರೆ ಮಳೆ ಅದರದರ ಕಾಲಕ್ಕೆ ಬರುತ್ತದೆ, ಹೃದಯ ಬೇರೆ ದೇವರುಗಳ ಕಡೆ ತಿರುಗಿದರೆ ಆಕಾಶ ಮುಚ್ಚಿಹೋಗುತ್ತದೆ. ಸುಗ್ಗಿಯ ಕೃತಜ್ಞತಾ ಆರಾಧನೆಗೆ ಹೊಂದುವ ಭಾಗ ಇದು. ಸೆಪ್ಟೆಂಬರ್ 8ರಂದು ಹೊಸ ತೆನೆ ತರುವ ಕೊಂಕಣಿ ಕಥೋಲಿಕರ ಮೊಂತಿ ಹಬ್ಬಕ್ಕೂ ಸಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ಇದರ ಮೇಲೆ ಮಾತಾಡುವುದು ಬಹಳ ಕಷ್ಟ. ಯೆಹೂದ್ಯರಿಗಂತೂ ಇದರ 13ನೇ ವಚನದಿಂದ 21ರವರೆಗಿನ ಪಾಠ ‘ಶೆಮಾ’ ಪ್ರಾರ್ಥನೆಯ ಎರಡನೇ ಭಾಗ. ಬೆಳಿಗ್ಗೆ ಸಂಜೆ ಹೇಳುತ್ತಾರೆ, ಬಾಗಿಲ ನಿಲುವಿಗೆ ಹಚ್ಚುವ ಮೆಜುಜಾದ ಸುರುಳಿಯಲ್ಲೂ ಬರೆದಿಡುತ್ತಾರೆ. ಒಂದು ಜನಾಂಗ ದಿನಕ್ಕೆರಡು ಬಾರಿ ಬಾಯಲ್ಲಿ ಆಡುವ ಮಾತಿನ ಮೇಲೆ ನಾವು ಪ್ರಸಂಗ ಮಾಡುತ್ತೇವೆ ಎಂಬ ಭಯಭಕ್ತಿ ಇರಲಿ.

ನನ್ನ ಅಳತೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹೀಬ್ರೂವಿನಿಂದ ಪ್ರಸಂಗಕ್ಕೆ ಸಿಗುವ ದೊಡ್ಡ ಉಪಕಾರ ಒಂಟಿ ಪದಗಳ ಗೂಢಾರ್ಥದಲ್ಲಿಲ್ಲ. ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಒಂದು ವಾಕ್ಯ ಇನ್ನೊಂದರ ಮೇಲೆ ಹೇಗೆ ನಿಂತಿದೆ, ಮಾತು ಎಲ್ಲಿ ತಿರುಗುತ್ತದೆ ಎಂಬುದನ್ನು ಕಾಣುವುದರಲ್ಲಿದೆ. ಇದನ್ನು ಕಾಣಿಸುವ ದಾರಿ ಯಾವುದೋ ಅದಕ್ಕೆ ನನ್ನ ಮೊದಲ ಮತ.

ಕನ್ನಡ ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡು

ಹೀಬ್ರೂವಿನ ಒಂದಕ್ಷರವೂ ಬಾರದವರಿಗೆ ಇದೇ ಬಾಗಿಲು, ಬಂದವರಿಗೂ ಇದೇ ಮೊದಲ ಮೆಟ್ಟಿಲು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರಿಂದ ಶುರುವಾಗಿ, ಆಮೇಲೆ ಬಾಸೆಲ್ ಮಿಷನ್ನಿನವರ ಕೈಯಲ್ಲಿ ತಿದ್ದುಪಡಿಯಾದ ಕೆಲಸದ ಬೆನ್ನಿಗೆ ಬಂದದ್ದು ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ. ಅದೇ ಸೊಸೈಟಿಯ ಸಿ.ಎಲ್. ಅನುವಾದ ಈಗಿನ ಆಡುಮಾತಿಗೆ ಹತ್ತಿರ. ಹಳೆಯದರಲ್ಲಿ ‘ಯೆಹೋವ’ ಎಂದಿರುವ ಕಡೆ ಇದರಲ್ಲಿ ‘ಸರ್ವೇಶ್ವರ’ ಎಂದು ಓದುತ್ತೀರಿ. ಐ.ಆರ್.ವಿ. ಮತ್ತು ಸಮಕಾಲಿಕ ಅನುವಾದ ಯೂವರ್ಷನ್ ಆ್ಯಪ್‌ನಲ್ಲಿ ಉಚಿತ. ಹಳೆಯ ಸತ್ಯವೇದದ ಮಾತುಗಳು ಕೆಲವು ಇಂದಿನ ಹುಡುಗರಿಗೆ ತಿಳಿಯುವುದಿಲ್ಲ. ಅಂಥ ಕಡೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇವತ್ತಿಗೂ ನೆರವಿಗೆ ಬರುತ್ತದೆ. ಅದನ್ನು ಮಾಡಿದವರೂ ಮಿಷನ್ನಿನವರೇ ಅಲ್ಲವೇ.

ಕನ್ನಡದ ಓದುಗನಿಗೆ ಇಲ್ಲಿ ಇಂಗ್ಲಿಷ್ ಓದುಗನಿಗಿಲ್ಲದ ಒಂದು ಅನುಕೂಲವಿದೆ. ಇಂಗ್ಲಿಷಿನ ‘ಯೂ’ ಒಬ್ಬನಿಗೂ ಸಲ್ಲುತ್ತದೆ, ಊರಿಗೂ ಸಲ್ಲುತ್ತದೆ. ಹೀಬ್ರೂವಿನಲ್ಲಿ ‘ನೀನು’ ಬೇರೆ, ‘ನೀವು’ ಬೇರೆ, ನಮ್ಮಂತೆಯೇ. ಆದರೆ ಹೀಬ್ರೂವಿನಲ್ಲಿ ಗೌರವಕ್ಕಾಗಿ ಬಹುವಚನ ಬಳಸುವ ರೂಢಿ ಇಲ್ಲ. ಅಲ್ಲಿ ‘ನೀವು’ ಎಂದರೆ ಹಲವರು ಎಂದೇ ಅರ್ಥ. ಓದು ಸರಾಗವಾಗಲೆಂದು ಅನುವಾದಕರು ಈ ಏಕವಚನ ಬಹುವಚನಗಳನ್ನು ಎಷ್ಟೋ ಕಡೆ ಒಂದೇ ಮಾಡಿಬಿಡುತ್ತಾರೆ. ಹಾಗಾಗಿ ನಾಲ್ಕು ಅನುವಾದಗಳಲ್ಲಿ ಒಂದು ‘ನೀನು’ ಎಂದೂ ಉಳಿದವು ‘ನೀವು’ ಎಂದೂ ಹೇಳಿದರೆ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಉತ್ತರ ಅನುವಾದದಲ್ಲಿ ಸಿಗದು, ಆದರೆ ಪ್ರಶ್ನೆ ಸಿಕ್ಕಿತು.

ಇದೇ ಬಗೆಯ ಇನ್ನೊಂದು ಗೆರೆ 14ನೇ ವಚನದಲ್ಲಿ. ಮಳೆ ಕೊಡುವುದು ‘ನಾನು’ ಎಂದೇ, ‘ಆತನು’ ಎಂದೇ? ಇಂಗ್ಲಿಷಿನಲ್ಲಿ ಎನ್‌ಐವಿ ಮೊದಲನೆಯದನ್ನು ಹೇಳುತ್ತದೆ, ಎನ್‌ಆರ್‌ಎಸ್‌ವಿ ಎರಡನೆಯದನ್ನು. ನಮ್ಮ ಕೈಯಲ್ಲಿರುವ ಮಸೋರಾ ಪಾಠದಲ್ಲಿ, ಅಂದರೆ ಯೆಹೂದಿ ಪಂಡಿತರು ಕಾಪಾಡಿಕೊಂಡು ಬಂದ ಹೀಬ್ರೂ ಪಾಠದಲ್ಲಿ, ‘ನಾನು ಕೊಡುವೆನು’ ಎಂದೇ ಇದೆ. ಸಮಾರ್ಯದವರ ಪಂಚಗ್ರಂಥವೂ ಹಳೆಯ ಗ್ರೀಕ್ ಅನುವಾದವಾದ ಸೆಪ್ಟುವಜಿಂಟೂ ‘ಆತನು’ ಎನ್ನುತ್ತವೆ. ಮೋಶೆ ಮಾತಾಡುತ್ತಿರುವಾಗಲೇ ನಡುವೆ ದೇವರ ಸ್ವಂತ ದನಿ ಕೇಳಿಬರುತ್ತದೆ, ಮಳೆಯ ಮಾತು ಬಂದ ಕೂಡಲೇ ಕೇಳಿಬರುತ್ತದೆ. ಅನುವಾದಗಳನ್ನು ಹೋಲಿಸದೆ ಒಂದನ್ನೇ ಓದಿದವರಿಗೆ ಇಲ್ಲಿ ಏನೋ ಇದೆ ಎಂಬ ಸುಳಿವೇ ಹತ್ತುವುದಿಲ್ಲ.

ಈ ದಾರಿಯ ಮಿತಿ ಎಲ್ಲಿ? ಅನುವಾದಗಳೆಲ್ಲ ಒಟ್ಟಿಗೆ ಒಂದೇ ಕಡೆ ವಾಲಿದಾಗ. ಅದೇ ವಚನದ ಮಳೆಗಳನ್ನು ಕನ್ನಡದಲ್ಲಿ ಮುಂಗಾರು, ಹಿಂಗಾರು ಎಂದು ಓದುತ್ತೇವೆ. ತೀರ್ಥಹಳ್ಳಿಯಲ್ಲಿ ಆ ಮಾತು ಕೇಳಿದವರ ಮನಸ್ಸಿಗೆ ಜೂನ್ ತಿಂಗಳು ಬರುತ್ತದೆ. ಕಾನಾನಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಇಲ್ಲವೆನ್ನಬೇಕು. ಅಲ್ಲಿಯ ಮೊದಲ ಮಳೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬಂದು ನೆಲ ಮೆತ್ತಗೆ ಮಾಡಿ ಉತ್ತು ಬಿತ್ತಲು ಬಿಡುತ್ತದೆ. ಕೊನೆಯ ಮಳೆ ಮಾರ್ಚ್, ಏಪ್ರಿಲ್‌ನಲ್ಲಿ ಬಂದು ಕಾಳು ಗಟ್ಟಿಮಾಡುತ್ತದೆ. ಅನುವಾದ ತಪ್ಪೆಂದು ನಾನು ಹೇಳುತ್ತಿಲ್ಲ, ಅದಕ್ಕಿಂತ ಒಳ್ಳೆಯ ಕನ್ನಡ ಪದ ನನಗೆ ಹೊಳೆಯುವುದೂ ಇಲ್ಲ. ಆದರೆ ಪ್ರಸಂಗಿ ಕ್ಯಾಲೆಂಡರ್ ತಿಳಿದಿರಬೇಕು. ಇದಕ್ಕೆ ಹೊರಗಿನ ಸಹಾಯ ಬೇಕೇ ಬೇಕು.

ಸ್ಟ್ರಾಂಗ್ ನಂಬರುಗಳು

ಎಲ್ಲರಿಗಿಂತ ಹೆಚ್ಚು ಜನ ಹಿಡಿಯುವ ದಾರಿ ಇದು. ನಾನು ಎಲ್ಲಕ್ಕಿಂತ ಕೆಳಗೆ ಇಡುವುದೂ ಇದನ್ನೇ. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಹಳೆ ಒಡಂಬಡಿಕೆಯ ಪ್ರತಿ ಹೀಬ್ರೂ ಪದಕ್ಕೂ ಒಂದೊಂದು ನಂಬರು ಕೊಟ್ಟರು, 8674ರವರೆಗೆ. ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಅದಕ್ಕಿಂತ ಅನುಕೂಲವಾದ ಏರ್ಪಾಡು ಆ ಕಾಲಕ್ಕೆ ಇರಲಿಲ್ಲ. ಈಗ ಬ್ಲೂ ಲೆಟರ್ ಬೈಬಲ್‌ನಂಥ ಆ್ಯಪ್‌ಗಳಲ್ಲಿ ಬೆರಳಿಟ್ಟ ಕೂಡಲೇ ಆ ನಂಬರೂ ಅದರ ಕೆಳಗೆ ಅರ್ಥಗಳ ಪಟ್ಟಿಯೂ ಬರುತ್ತವೆ. ತೊಂದರೆ ಇರುವುದು ಆ ಪಟ್ಟಿಯನ್ನು ನಾವು ಬಳಸುವ ರೀತಿಯಲ್ಲಿ.

ನಮ್ಮ ಭಾಗದ 12ನೇ ವಚನದಲ್ಲಿ ದೇವರು ಆ ದೇಶಕ್ಕೆ ಮಾಡುವುದನ್ನು ‘ದೊರೇಶ್’ ಎಂದಿದೆ, ಧಾತು ‘ದಾರಶ್’, ನಂಬರು 1875. ಪಟ್ಟಿಯಲ್ಲಿ ತುಳಿಯುವುದು, ಹಿಂಬಾಲಿಸುವುದು, ಹುಡುಕುವುದು, ಕೇಳುವುದು, ಆರಾಧಿಸುವುದು ಎಲ್ಲವೂ ಇವೆ. ಪ್ರಸಂಗಿಗೆ ‘ತುಳಿಯುವುದು’ ಇಷ್ಟವಾಯಿತೆನ್ನಿ. ‘ಮೂಲಭಾಷೆಯಲ್ಲಿ ದೇವರು ಆ ನೆಲದ ಮೇಲೆ ನಡೆದಾಡುತ್ತಾನೆ ಎಂದಿದೆ’ ಎಂದು ವೇದಿಕೆಯಿಂದ ಹೇಳಿಬಿಡುತ್ತಾರೆ. ಕೇಳುವವರು ತಲೆದೂಗುತ್ತಾರೆ, ಏಕೆಂದರೆ ‘ಮೂಲಭಾಷೆಯಲ್ಲಿ’ ಎಂಬ ಮಾತಿಗೆ ಎದುರಾಡುವವರು ಸಭೆಯಲ್ಲಿ ಯಾರೂ ಇಲ್ಲ. ಆದರೆ ಪಟ್ಟಿಯಲ್ಲಿರುವ ಅರ್ಥಗಳೆಲ್ಲ ಒಂದು ವಾಕ್ಯದೊಳಗೆ ಒಟ್ಟಿಗೆ ಕೂತಿರುವುದಿಲ್ಲ. ಈ ವಚನದ ಉಳಿದರ್ಧ ಓದಿದರೆ ಸಾಕಿತ್ತು: ವರ್ಷದ ಆರಂಭದಿಂದ ಅಂತ್ಯದವರೆಗೆ ಆತನ ಕಣ್ಣು ಅದರ ಮೇಲಿದೆ. ಅಂದರೆ ದೇವರು ಆ ನೆಲವನ್ನು ವಿಚಾರಿಸಿಕೊಳ್ಳುತ್ತಾನೆ. ಅರ್ಥ ಹೇಳಿದ್ದು ಅಕ್ಕಪಕ್ಕದ ವಾಕ್ಯ, ನಂಬರಲ್ಲ.

ಹಾಗಾದರೆ ಸ್ಟ್ರಾಂಗ್ ಬೇಡವೇ ಬೇಡವೇ? ಅದೇ ಪದ ಧರ್ಮೋಪದೇಶಕಾಂಡದಲ್ಲಿ ಬೇರೆಲ್ಲಿ ಬಂದಿದೆ ಎಂದು ಹುಡುಕಿ, ಆ ವಚನಗಳನ್ನು ಕನ್ನಡದಲ್ಲಿ ಓದಲು ಬಳಸಿ. ಅದಕ್ಕೆ ಅದು ಒಳ್ಳೆಯದು. ಅರ್ಥಗಳ ಪಟ್ಟಿ ಮಾತ್ರ ಮುಚ್ಚಿಬಿಡಿ. ಅರ್ಥ ಬೇಕೆನಿಸಿದರೆ 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ನಿಘಂಟು ಉಚಿತವಾಗಿಯೇ ಸಿಗುತ್ತದೆ. ಅದು ಯಾವ ಅರ್ಥ ಯಾವ ವಚನಕ್ಕೆ ಸೇರುತ್ತದೆ ಎಂದು ವಿಂಗಡಿಸಿ ಹೇಳುತ್ತದೆ.

ಅಕ್ಷರ ಕಲಿತು, ವ್ಯಾಕರಣವನ್ನು ಆ್ಯಪ್‌ಗೆ ಬಿಡುವುದು

ನಾನು ಹೆಚ್ಚಿನವರಿಗೆ ಸೂಚಿಸುವ ದಾರಿ ಇದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಪೂರ್ತಿ ಹೀಬ್ರೂ ಕಲಿತವರು ಮತ್ತು ಏನೂ ಕಲಿಯದವರು ಎಂಬ ಎರಡೇ ಪಂಗಡ ಇವೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ನಡುವೆ ಒಂದು ಒಳ್ಳೆಯ ಜಾಗವಿದೆ.

ಹೀಬ್ರೂವಿನಲ್ಲಿ ಇರುವುದು 22 ಅಕ್ಷರ, ಎಲ್ಲವೂ ವ್ಯಂಜನ, ಬಲದಿಂದ ಎಡಕ್ಕೆ. ಸ್ವರಗಳನ್ನು ಚುಕ್ಕಿ ಗೆರೆಗಳಾಗಿ ಅಕ್ಷರದ ಕೆಳಗೆ ಮೇಲೆ ಹಾಕಿದವರು ಮಸೋರಾ ಪಂಡಿತರು. ನಮ್ಮ ಕಾಗುಣಿತವನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ವ್ಯಂಜನಕ್ಕೆ ಸ್ವರದ ಗುರುತು ಹತ್ತಿಕೊಳ್ಳುವುದು ಹೊಸ ವಿಷಯವೇ ಅಲ್ಲ. ಇಂಗ್ಲಿಷ್ ಮಾತ್ರ ಓದಿದವರಿಗಿಂತ ನಮಗೆ ಇದು ಬೇಗ ಒಗ್ಗುತ್ತದೆ. ಅಕ್ಷರದ ಜೊತೆಗೆ ಕೆಲವು ಬಾಲಗಳನ್ನು ಗುರುತು ಹಿಡಿಯಲು ಕಲಿತರೆ ಸಾಕು. ಪದದ ಕೊನೆಯಲ್ಲಿ ‘ಖಾ’ ಎಂದು ಬಂದರೆ ‘ನಿನ್ನ’, ‘ಖೆಮ್’ ಎಂದು ಬಂದರೆ ‘ನಿಮ್ಮ’. ಕ್ರಿಯಾಪದದ ಕೊನೆಯಲ್ಲಿ ‘ತಾ’ ಬಂದರೆ ‘ನೀನು’, ‘ತೆಮ್’ ಬಂದರೆ ‘ನೀವು’. ಉಳಿದ ವ್ಯಾಕರಣಕ್ಕೆ ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರು ಮಾಡಿರುವ ಸ್ಟೆಪ್ ಬೈಬಲ್ ಇದೆ, ಪೂರ್ತಿ ಉಚಿತ. ಪದ ಮುಟ್ಟಿದರೆ ಅದು ನಾಮಪದವೋ ಕ್ರಿಯಾಪದವೋ, ಏಕವಚನವೋ ಬಹುವಚನವೋ, ಯಾವ ಕಾಲ, ಯಾವ ರೂಪ ಎಂದು ಬಿಡಿಸಿ ತೋರಿಸುತ್ತದೆ.

ಇಷ್ಟೇ ಬಂಡವಾಳದಿಂದ ನಮ್ಮ ಭಾಗಕ್ಕೆ ಹೋಗಿ. 13ನೇ ವಚನದಿಂದ ಪ್ರತಿ ‘ನೀನು’, ‘ನೀವು’ಗೆ ಎರಡು ಬಣ್ಣ ಹಾಕಿ. ಆಜ್ಞೆಗಳಿಗೆ ಕಿವಿಗೊಟ್ಟರೆ: ನೀವು. ಪೂರ್ಣ ಹೃದಯದಿಂದ ಪ್ರೀತಿಸಿ ಸೇವಿಸಿದರೆ: ನಿಮ್ಮ ಹೃದಯ. ನಾಡಿಗೆ ಮಳೆ ಬರುವುದು: ನಿಮ್ಮ ನಾಡು. ಅಲ್ಲಿಗೆ ಬಣ್ಣ ಬದಲಾಗುತ್ತದೆ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಕೂಡಿಸುವವನು ನೀನು. ಹುಲ್ಲು ಬೆಳೆಯುವುದು ನಿನ್ನ ಹೊಲದಲ್ಲಿ, ಮೇಯುವುದು ನಿನ್ನ ದನ. ಉಂಡು ತೃಪ್ತಿಯಾಗುವವನು ನೀನು. 16ನೇ ವಚನಕ್ಕೆ ಬಂದರೆ ಮತ್ತೆ ಬಣ್ಣ ಬದಲು: ಎಚ್ಚರಿಕೆ ನಿಮಗೆ, ಮೋಸ ಹೋಗುವುದು ನಿಮ್ಮ ಹೃದಯ, ಬೇರೆ ದೇವರುಗಳ ಕಡೆ ತಿರುಗುವವರು ನೀವು, ಒಳ್ಳೆಯ ದೇಶದಿಂದ ಅಳಿದುಹೋಗುವವರು ನೀವು.

ಅಂದರೆ ಕಿವಿಗೊಡುವುದೂ ತಪ್ಪುವುದೂ ಇಡೀ ಜನದ ಲೆಕ್ಕ. ಕಾಳು, ಹಾಲು, ಊಟ ಮಾತ್ರ ಒಬ್ಬೊಬ್ಬನ ಅಂಗಳಕ್ಕೆ ಬಂದು ಇಳಿಯುತ್ತದೆ. ಪ್ರಸಂಗದ ಬೆನ್ನೆಲುಬು ಇಲ್ಲಿದೆ ಎಂದು ನನಗನ್ನಿಸುತ್ತದೆ. ಬೆಳೆ ಕಳಕೊಂಡ ಒಬ್ಬ ರೈತನ ಕಡೆ ಬೆರಳು ತೋರಿಸಿ ‘ನಿನ್ನ ಪಾಪದಿಂದ ಮಳೆ ನಿಂತಿತು’ ಎನ್ನಲು 17ನೇ ವಚನವನ್ನು ಬಳಸುವವರನ್ನು ನಾವು ಕೇಳಿದ್ದೇವೆ. ಪಾಠ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಆ ವಚನದಲ್ಲಿ ಒಂಟಿ ಮನುಷ್ಯನೇ ಇಲ್ಲ.

ಒಂದು ಎಚ್ಚರಿಕೆಯೂ ಬೇಕು. ಧರ್ಮೋಪದೇಶಕಾಂಡದ ಉದ್ದಕ್ಕೂ ಈ ಏಕವಚನ ಬಹುವಚನಗಳು ಅದಲುಬದಲಾಗುತ್ತವೆ. ಪಾಠ ಹಂತಹಂತವಾಗಿ ಬೆಳೆದದ್ದರ ಗುರುತು ಅದು ಎಂದು ಕೆಲವು ಪಂಡಿತರು, ಮಾತಿನ ಶೈಲಿಯೇ ಹಾಗೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ನಮ್ಮ ಭಾಗದಲ್ಲೇ 10ನೇ ವಚನ ನೋಡಿ: ಹೋಗುವವನು ನೀನು, ಐಗುಪ್ತದಿಂದ ಹೊರಟುಬಂದವರು ನೀವು, ಬಿತ್ತುವವನು ಮತ್ತೆ ನೀನು. ಪ್ರತಿ ತಿರುವಿಗೂ ಒಂದೊಂದು ತತ್ವ ಹೇಳಲು ಹೊರಟರೆ ಸ್ಟ್ರಾಂಗ್ ನಂಬರಿನ ತಪ್ಪನ್ನೇ ಬೇರೆ ಬಟ್ಟೆಯಲ್ಲಿ ಮಾಡಿದಂತಾಗುತ್ತದೆ. 13ರಿಂದ 17ರವರೆಗೆ ತಿರುವುಗಳು ಅರ್ಥದ ಜೊತೆಯಲ್ಲೇ ಸಾಗುತ್ತವೆ, ಅಲ್ಲಿ ಧೈರ್ಯವಾಗಿ ಹೇಳಬಹುದು.

ಅಕ್ಷರ ಬಂದವರ ಕಿವಿಗೆ ಸಿಗುವ ಇನ್ನೊಂದು ಸಂಗತಿ: 16ರಲ್ಲಿ ‘ನೀವು ಸೇವಿಸಿದರೆ’ ಎನ್ನುವ ಕ್ರಿಯಾಪದ, 17ರಲ್ಲಿ ‘ನೀವು ಅಳಿದುಹೋಗುವಿರಿ’ ಎನ್ನುವ ಕ್ರಿಯಾಪದ, ಎರಡೂ ಹೆಚ್ಚುಕಡಿಮೆ ‘ವಅವದ್ತೆಮ್’ ಎಂದೇ ಕೇಳಿಸುತ್ತವೆ. ಒಂದು ಅಯಿನ್ ಅಕ್ಷರದಿಂದ, ಇನ್ನೊಂದು ಆಲೆಫ್‌ನಿಂದ ಶುರು, ಅಷ್ಟೇ ವ್ಯತ್ಯಾಸ. ಬಾಯಲ್ಲಿ ಹೇಳಿಕೊಂಡು ಬೆಳೆದ ಜನಕ್ಕೆ ಬೇರೆ ದೇವರ ಸೇವೆಯೂ ನಾಶವೂ ಒಂದೇ ಸದ್ದಿನಲ್ಲಿ ಕಿವಿಗೆ ಬಿದ್ದಿರಬೇಕು. ಯಾವ ಅನುವಾದವೂ ಇದನ್ನು ದಾಟಿಸಲಾರದು. ಪ್ರಸಂಗದಲ್ಲಿ ಇದನ್ನು ಹೇಳಲೇಬೇಕೆಂದಿಲ್ಲ. ನಿಮಗೆ ತಿಳಿದಿದ್ದರೆ ಆ ಎರಡು ವಚನಗಳನ್ನು ಒಂದೇ ಉಸಿರಿನಲ್ಲಿ ಓದುತ್ತೀರಿ, ಓದಬೇಕಾದದ್ದೂ ಹಾಗೆಯೇ.

ಪೂರ್ತಿ ಭಾಷೆ ಕಲಿಯುವುದು

ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜುಗಳಂಥ ಕಡೆ ದೇವಜ್ಞಾನ ಓದಿದವರು, ಇನ್ನೂ ಮೂವತ್ತರ ಒಳಗಿನವರು, ಜೀವಮಾನವಿಡೀ ಪ್ರಸಂಗ ಮಾಡುವವರು ಖಂಡಿತ ಕಲಿಯಬೇಕು. ಅಂಥವರು 1008ರ ಸುಮಾರಿಗೆ ಬರೆದ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಆಧರಿಸಿದ ‘ಬಿಬ್ಲಿಯಾ ಹೆಬ್ರಾಯಿಕಾ ಸ್ಟುಟ್‌ಗಾರ್ಟೆನ್ಸಿಯಾ’ ಒಂದು ಪ್ರತಿ ಕೊಳ್ಳಲಿ. ಮೇಲೆ ಹೇಳಿದ ‘ನಾನು’, ‘ಆತನು’ ಪಾಠಭೇದದಂಥವು ಅದರ ಪುಟದ ಅಡಿಯಲ್ಲೇ ಇರುತ್ತವೆ. ಕೀರ್ತನೆ, ಯೋಬ, ಯೆಶಾಯದಂಥ ಕವಿತೆಯ ಭಾಗಗಳಲ್ಲಿ ಈ ಕಲಿಕೆಗೆ ಬೆಲೆ ಹೆಚ್ಚು. ರೂತಳ ಕಥೆ, ಯೋನನ ಕಥೆಗಳಂಥವನ್ನು ಕನ್ನಡದಲ್ಲಿ ಓದಿದರೂ ಬಹುಪಾಲು ದಕ್ಕುತ್ತದೆ. ಹೊಲ ಮನೆ ನೋಡಿಕೊಂಡು ತಿಂಗಳಿಗೊಂದು ಪ್ರಸಂಗ ಮಾಡುವ ಉಪದೇಶಿ ಇದಕ್ಕೆ ವರ್ಷಗಳನ್ನು ಕೊಡಬೇಕಾಗಿಲ್ಲ, ಕೊಡಲಿಲ್ಲವೆಂದು ಕೊರಗಬೇಕಾಗಿಯೂ ಇಲ್ಲ.

ವ್ಯಾಖ್ಯಾನಗಳು: ಕೊನೆಗೆ, ಆದರೆ ತಪ್ಪದೆ

ವ್ಯಾಖ್ಯಾನವನ್ನು ಸೋಮವಾರವೇ ತೆರೆದರೆ ನಿಮ್ಮ ಕಣ್ಣು ಮುಚ್ಚಿಕೊಳ್ಳುತ್ತದೆ. ಭಾಗವನ್ನು ನೀವೇ ಓದಿ, ಗೆರೆ ಎಳೆದು, ಪ್ರಶ್ನೆ ಬರೆದುಕೊಂಡ ಮೇಲೆ ತೆರೆಯಿರಿ. ‘ಕಾಲಿನಿಂದ ನೀರು ಹಾಯಿಸುವುದು’ ಎಂದರೆ ಏನು, ಐಗುಪ್ತದ ನೀರಾವರಿ ಹೇಗಿತ್ತು, ಕಾನಾನಿನ ಮಳೆಗಾಲ ಯಾವಾಗ ಎಂಬಂಥ ಪ್ರಶ್ನೆಗಳಿಗೆ ನಿಘಂಟು ಉತ್ತರ ಕೊಡದು, ವ್ಯಾಖ್ಯಾನ ಕೊಡುತ್ತದೆ. ಧರ್ಮೋಪದೇಶಕಾಂಡಕ್ಕೆ ಎರಡರಲ್ಲಿ ಒಂದನ್ನು ಆರಿಸುವುದಾದರೆ ಹೀಗೆ ನೋಡಿ. 1996ರಲ್ಲಿ ಬಂದ ಜೆಫ್ರಿ ಟಿಗೇ ಅವರ ಯೆಹೂದಿ ವ್ಯಾಖ್ಯಾನ ಹೀಬ್ರೂ ಪಾಠವನ್ನು ಪದಪದವಾಗಿ, ಅಗೆತದ ಸಂಶೋಧನೆಯ ಬೆಳಕಿನಲ್ಲಿ ನೋಡುತ್ತದೆ. ಅದೇ ವರ್ಷದ ಕ್ರಿಸ್ಟೋಫರ್ ರೈಟ್ ಅವರ ವ್ಯಾಖ್ಯಾನ ಚಿಕ್ಕದು, ಪ್ರಸಂಗಿಯ ಕಡೆ ಮುಖ ಮಾಡಿದ್ದು. ರೈಟ್ 1980ರ ದಶಕದಲ್ಲಿ ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿಯಲ್ಲಿ ಹಳೆ ಒಡಂಬಡಿಕೆ ಕಲಿಸಿದವರು, ನಮ್ಮ ದೇಶದ ಬದುಕನ್ನು ಕಣ್ಣಾರೆ ಕಂಡವರು. ಒಂದೇ ಕೊಳ್ಳುವ ಶಕ್ತಿಯಿದ್ದರೆ ನಾನು ರೈಟ್ ಎನ್ನುತ್ತೇನೆ, ಹೀಬ್ರೂ ಓದಬಲ್ಲವರಿಗೆ ಟಿಗೇ. ಇಡೀ ಬೈಬಲ್‌ಗೆ ಒಂದೇ ಸಂಪುಟ ಸಾಕೆನ್ನುವವರಿಗೆ ದಕ್ಷಿಣ ಏಷ್ಯಾದ ಪಂಡಿತರೇ ಬರೆದ, 2015ರ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ ಇದೆ.

ಯೆಹೂದಿ ಪಂಡಿತರ ಹಳೆಯ ಟಿಪ್ಪಣಿಗಳನ್ನು ಸೆಫಾರಿಯಾ ಎಂಬ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಉಚಿತವಾಗಿ ಓದಬಹುದು. ಹನ್ನೊಂದನೇ ಶತಮಾನದ ರಾಶಿ ಎಂಬ ಪಂಡಿತ ನಮ್ಮ ಭಾಗದ ಬಗ್ಗೆ ಹೇಳುವುದನ್ನು ಕೇಳಿ: ಐಗುಪ್ತದಲ್ಲಿ ನಿದ್ದೆಗೆಟ್ಟು ಎದ್ದು ನೈಲಿನಿಂದ ನೀರು ತರಬೇಕಿತ್ತು, ತಗ್ಗಿನ ನೆಲ ಕುಡಿಯುತ್ತಿತ್ತು, ದಿಬ್ಬದ ನೆಲಕ್ಕೆ ನೀರು ಹತ್ತಿಸಬೇಕಿತ್ತು. ಕಾನಾನಿನಲ್ಲಿ ನೀನು ಹಾಸಿಗೆಯಲ್ಲಿ ಮಲಗಿರುವಾಗಲೇ ದೇವರು ತಗ್ಗು ದಿಬ್ಬ ಎರಡಕ್ಕೂ ನೀರುಣಿಸುತ್ತಾನೆ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಮೋಟಾರು ಹಾಕಲು ಹೋಗುವ ರೈತನಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಇನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಕೇಳುವವರು ಹೆಚ್ಚುತ್ತಿದ್ದಾರೆ. ಪ್ರಶ್ನೆಗಳ ಪಟ್ಟಿ ಮಾಡಿಕೊಳ್ಳಲು, ಇಂಗ್ಲಿಷ್ ವ್ಯಾಖ್ಯಾನದ ಕಠಿಣ ಪುಟವನ್ನು ಕನ್ನಡದಲ್ಲಿ ತಿಳಿಯಲು ಕೇಳಿ. ಅದು ಹೇಳಿದ ಹೀಬ್ರೂ ವ್ಯಾಕರಣವನ್ನು ಮಾತ್ರ ಸ್ಟೆಪ್ ಬೈಬಲ್‌ನಲ್ಲಿ ನೋಡದೆ ವೇದಿಕೆಗೆ ಒಯ್ಯಬೇಡಿ. ತಪ್ಪನ್ನೂ ಅದು ಸರಿಯಷ್ಟೇ ಗಟ್ಟಿಯಾಗಿ ಹೇಳಬಲ್ಲದು.

ಊರಿನವರೊಂದಿಗೆ ಓದುವುದು

ಇದನ್ನು ಯಾವ ಕೈಪಿಡಿಯೂ ‘ಅಧ್ಯಯನ’ ಎಂದು ಕರೆಯುವುದಿಲ್ಲ. ಈ ಭಾಗದ ಮಟ್ಟಿಗೆ ಇದು ವ್ಯಾಖ್ಯಾನಕ್ಕೆ ಸಮ ಎಂದು ನಾನು ಬಲವಾಗಿ ನಂಬುತ್ತೇನೆ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎಂಟು ವಚನ ಓದಿ, ಬೇಸಾಯ ಮಾಡುವವರನ್ನು ಕೇಳಿ: ‘ಐಗುಪ್ತ ಒಳ್ಳೆಯದೋ, ಕಾನಾನೋ?’

ನಮ್ಮ ಜಿಲ್ಲೆಯಲ್ಲಿ ಎರಡೂ ಇವೆ. ಭದ್ರಾವತಿ, ಶಿವಮೊಗ್ಗ ಬಯಲಿನ ಭದ್ರಾ ಅಚ್ಚುಕಟ್ಟಿನವರು ಲಕ್ಕವಳ್ಳಿಯ ಜಲಾಶಯದ ಮಟ್ಟ ನೋಡುತ್ತಾರೆ, ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಕೇಳುತ್ತಾರೆ, ಗದ್ದೆಯ ಬದು ಕಡಿದು ಮಡಿಗೆ ನೀರು ಕಟ್ಟುತ್ತಾರೆ. ಹೊಸನಗರ, ತೀರ್ಥಹಳ್ಳಿಯ ಗುಡ್ಡದ ಗದ್ದೆಯವರು ಆಕಾಶ ನೋಡುತ್ತಾರೆ. ಬಯಲಿನವರು ‘ಐಗುಪ್ತವೇ ವಾಸಿ, ನೀರಿನ ಖಾತ್ರಿಯಾದರೂ ಇತ್ತು’ ಎಂದರೆ ಬೆಚ್ಚಬೇಡಿ. ಅದೇ ಈ ಪಾಠದ ನಡುವಿನ ಬಿಸಿ. ಮನುಷ್ಯನ ಕಾಲಿಗೆ ಸಿಗುವ ನೀರನ್ನು ಬಿಟ್ಟು, ಕೇಳಿ ಪಡೆಯಬೇಕಾದ ನೀರಿನ ದೇಶಕ್ಕೆ ಹೋಗುವುದನ್ನು ಮೋಶೆ ವರವೆಂದು ಹೇಳುತ್ತಿದ್ದಾನೆ. ಅದು ಸುಲಭಕ್ಕೆ ಒಪ್ಪುವ ಮಾತಲ್ಲ.

ಗುಡ್ಡದವರನ್ನು ಕೇಳಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಜೆರುಸಲೇಮಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ. ಆಗುಂಬೆಯಲ್ಲಿ 7000 ಮಿ.ಮೀ. ದಾಟುತ್ತದೆ. ಇಲ್ಲಿ ಮಳೆ ಎಂದರೆ ಬರೀ ಆಶೀರ್ವಾದ ಎಂದುಬಿಟ್ಟರೆ ಅಡಿಕೆ ತೋಟದವರು ಒಪ್ಪುವುದಿಲ್ಲ. ಬಿಡದೆ ಹೊಯ್ದರೆ ಕೊಳೆರೋಗ ಬಂದು ಹಸಿಕಾಯಿ ಉದುರುತ್ತದೆ, ಬೋರ್ಡೋ ದ್ರಾವಣ ಹೊಡೆಯಲು ನಾಲ್ಕು ದಿನದ ಹೊಳವೂ ಸಿಗುವುದಿಲ್ಲ. ಆದರೆ ಪಾಠ ಮಳೆ ಎಂದಷ್ಟೇ ಹೇಳಿ ಬಿಟ್ಟಿಲ್ಲ, ‘ಅದರ ಕಾಲದಲ್ಲಿ’ ಎಂದಿದೆ. ಆರಿದ್ರಾ, ಪುನರ್ವಸು, ಆಶ್ಲೇಷ ಎಂದು ನಕ್ಷತ್ರ ಹಿಡಿದು ಮಳೆ ಎಣಿಸುವ, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎನ್ನುವ ಜನಕ್ಕೆ ಆ ಒಂದು ಮಾತಿನ ತೂಕ ಯಾವ ಪಂಡಿತನಿಗಿಂತ ಚೆನ್ನಾಗಿ ತಿಳಿದಿದೆ. ಎಷ್ಟು ಮಳೆ ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡದು. ಕಡಿಮೆ ಮಳೆಯ ನಾಡಿನ ಪಾಠವನ್ನು ಅತಿ ಮಳೆಯ ನಾಡಿಗೆ ದಾಟಿಸುವ ಸೇತುವೆ ಇದು. ಇದನ್ನು ಕಟ್ಟಿಕೊಡುವವರು ನಿಮ್ಮ ಸಭೆಯ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಇದರ ಅಪಾಯವೂ ಗೊತ್ತಿರಲಿ. ಊರಿನ ಅನುಭವವೇ ಪಾಠವನ್ನು ನುಂಗಿಬಿಡಬಹುದು, ಪ್ರಸಂಗ ಮಳೆಯ ಮಾತಾಗಿ ಮುಗಿಯಬಹುದು. ಅನುವಾದಗಳನ್ನು ಹೋಲಿಸಿ, ಬಣ್ಣ ಹಾಕಿ ಮುಗಿಸಿದ ಮೇಲೆ ಕೂಟಕ್ಕೆ ಹೋದರೆ ಆ ಭಯ ಕಡಿಮೆ.

ಯಾರಿಗೆ ಯಾವುದು

ಶನಿವಾರ ಸಂಜೆ ಮಾತ್ರ ಇದೆಯೇ? ಹೀಬ್ರೂ ಬಿಡಿ. ಮೂರು ಕನ್ನಡ ಅನುವಾದ, ಒಂದು ವ್ಯಾಖ್ಯಾನ, ಈ ಕ್ರಮದಲ್ಲಿ. ‘ಮೂಲಭಾಷೆಯಲ್ಲಿ’ ಎಂಬ ಮಾತು ಆ ವಾರ ಬಾಯಿಂದ ಬರದಿರಲಿ.

ವಾರಕ್ಕೆ ಐದಾರು ಗಂಟೆ ಸಿಗುವ ಸಭಾಪಾಲಕರಿಗೆ: ಸೋಮವಾರ ಅನುವಾದಗಳು, ಮಂಗಳವಾರ ಸ್ಟೆಪ್ ಬೈಬಲ್‌ನಲ್ಲಿ ಸರ್ವನಾಮ ಮತ್ತು ಕ್ರಿಯಾಪದಗಳು, ಬುಧವಾರ ಕೂಟದಲ್ಲಿ ಓದು, ಗುರುವಾರ ವ್ಯಾಖ್ಯಾನ. ಬರೆಯುವುದು ಶುಕ್ರವಾರ. ಅಕ್ಷರ ಇನ್ನೂ ಬಾರದಿದ್ದರೆ ಕೆಲಸ ಕಡಿಮೆಯಿರುವ ಬೇಸಿಗೆಯ ಒಂದು ತಿಂಗಳು ಅದಕ್ಕೆಂದೇ ಇಡಿ.

ಇಂಗ್ಲಿಷ್ ಓದು ಕಷ್ಟವಾಗುವ ಉಪದೇಶಿಗಳಿಗೆ ಈ ಆ್ಯಪ್‌ಗಳು ಅರ್ಧ ಮಾತ್ರ ನೆರವಾಗುತ್ತವೆ, ವಿವರಣೆ ಹೆಚ್ಚಿನಂಶ ಇಂಗ್ಲಿಷಿನಲ್ಲಿಯೇ ಇರುವುದರಿಂದ. ಅಂಥವರು ಅಕ್ಕಪಕ್ಕದ ಊರಿನ ಇಬ್ಬರು ಮೂವರು ಸೇರಿ, ಇಂಗ್ಲಿಷ್ ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು ತಿಂಗಳಿಗೊಮ್ಮೆ ಕೂತು ಮುಂದಿನ ನಾಲ್ಕು ಪಾಠಗಳನ್ನು ನೋಡಿಬಿಡುವುದು ಒಳ್ಳೆಯದು. ಸಿ.ಎಸ್.ಐ.ನವರು, ಕಥೋಲಿಕರು, ಪೆಂತೆಕೋಸ್ತಿನವರು ಒಟ್ಟಿಗೆ ಕೂತರೂ ತೊಂದರೆಯಿಲ್ಲ, ಹೀಬ್ರೂ ಪಾಠ ಎಲ್ಲರಿಗೂ ಒಂದೇ.

ದುಡ್ಡು ಖರ್ಚು ಮಾಡುವುದಾದರೆ ದುಬಾರಿ ಸಾಫ್ಟ್‌ವೇರಿಗೆ ಮೊದಲು ಒಂದು ಒಳ್ಳೆಯ ವ್ಯಾಖ್ಯಾನ ಅಚ್ಚಿನಲ್ಲಿ ಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮ ಕಡೆ ಟವರೂ ಹೋಗುತ್ತದೆ. ಸ್ಟೆಪ್ ಬೈಬಲ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೆಟ್ ಇಲ್ಲದೆಯೂ ಬಳಸಬಹುದು, ಮೇ ತಿಂಗಳಲ್ಲೇ ಆ ಕೆಲಸ ಮುಗಿಸಿಡಿ. ಯೂವರ್ಷನ್‌ನಲ್ಲೂ ಡೌನ್‌ಲೋಡ್‌ಗೆ ಬಿಟ್ಟಿರುವ ಕನ್ನಡ ಅನುವಾದಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.